ಹೆಸರು ಹೊತ್ತ ಕೋಳಿಗಳು

ನಮ್ಮ ಸೋದರತ್ತೆಯ ಹಿತ್ತಿಲಿನಲ್ಲಿ ನಾನು ಎರಡು ಸಲ ಸತ್ತಿದ್ದೇನೆ. ಮೊದಲನೆಯ ಸಲ ನನ್ನನ್ನು ಹದ್ದು ಎತ್ತಿಕೊಂಡು ಹೋಯಿತು. ಎರಡನೆಯ ಸಲ ಮುಂಗುಸಿ ನನ್ನ ಕುತ್ತಿಗೆಗೆ ಬಾಯಿ ಹಾಕಿತು. ಎರಡು ಸಲವೂ ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ, "ಒಂಟೋದ್ನಲ್ಲಪ್ಪಾ ನನ್ ಕೂಸು" ಎಂದು ಅತ್ತಳು. ಎರಡು ಸಲವೂ ನಾನು ಅವಳ ಪಕ್ಕದಲ್ಲೇ ಕೂತು ಮುದ್ದೆ ನುಂಗುತ್ತಿದ್ದೆ!

ನಗಬೇಡಿ. ನಾನು ಬಿ.ಎ. ಪಾಸು ಮಾಡಿದವನು. ನಮ್ಮ ವಂಶದಲ್ಲಿ ಹೆಬ್ಬೆಟ್ಟು ಒತ್ತದೆ ರುಜು ಹಾಕಿದವರಲ್ಲಿ ಮೊದಲನೆಯವನು. ಎರಡೇ ಷರಟಿನಲ್ಲಿ ನಾಲ್ಕು ವರ್ಷ ಮೈಸೂರಿನಲ್ಲಿ ಕಳೆದು, ತರ್ಕಶಾಸ್ತ್ರವನ್ನು ಬಾಯಿಪಾಠ ಮಾಡಿ ಸಂಪಾದಿಸಿದ ಡಿಗ್ರಿ ಅದು. ಅಂಥ ನಾನು ಈಗಲೂ ಎಲ್ಲಾದರೂ ಒಂದು ಕೋಳಿ ತೂಕಡಿಸುವುದನ್ನು ಕಂಡರೆ, ಯಾರೂ ನೋಡುತ್ತಿಲ್ಲ ಎಂದು ಖಾತ್ರಿ ಮಾಡಿಕೊಂಡು, ನನ್ನ ನಾಡಿಯನ್ನು ಮುಟ್ಟಿ ನೋಡಿಕೊಳ್ಳುತ್ತೇನೆ.

ಅತ್ತೆ ಎಂದರೆ ನಮ್ಮ ತಂದೆಯ ಅಕ್ಕ. ಹದಿನೆಂಟಕ್ಕೇ ಗಂಡನನ್ನು ಕಳೆದುಕೊಂಡು, ಹೊಳೆನರಸೀಪುರಕ್ಕೆ ನಾಲ್ಕು ಮೈಲಿಯ ನಮ್ಮ ಹಳ್ಳಿಗೆ ತಿರುಗಿ ಬಂದವಳು. ಮಕ್ಕಳಿಲ್ಲ. ಹಿತ್ತಿಲು, ಹಿತ್ತಿಲಿನ ಒಂದು ಕೋಣೆ, ಇಪ್ಪತ್ತು ಚಿಲ್ಲರೆ ಕೋಳಿ, ಇಷ್ಟು ಅವಳ ರಾಜ್ಯ. ಕೋಳಿಯನ್ನು ಯಾರು ಸಾಕುವುದಿಲ್ಲ? ಆದರೆ ನಮ್ಮತ್ತೆ ಒಂದೊಂದು ಕೋಳಿಗೂ ಬದುಕಿರುವ ನೆಂಟರಲ್ಲಿ ಒಬ್ಬೊಬ್ಬರ ಹೆಸರು ಇಟ್ಟಿದ್ದಳು. ಮೊಟ್ಟೆಯೊಡೆದು ಬಂದ ಪಿಳ್ಳೆಯನ್ನು ಅಂಗೈ ಮೇಲೆ ಕೂರಿಸಿಕೊಂಡು, ಅದರ ಕಿವಿಗೆ ಮೂರು ಸಲ ಹೆಸರು ಉಸುರುವಳು. ಅಲ್ಲಿಂದಾಚೆಗೆ ಆ ಕೋಳಿಯ ಹಣೆಬರಹವೂ ಆ ಆಸಾಮಿಯ ಹಣೆಬರಹವೂ ಒಂದೇ!

"ಅದ್ದೋ ಮುಂಗ್ಸಿನೋ ಒಡ್ಕಂಡೋದ್ರೆ ನಿನ್ ಬದ್ಲು ಅದು ಓಯ್ತು ಅಂತ ಕಣ್ಲಾ," ಎಂದು ನನಗೆ ಬಿಡಿಸಿ ಹೇಳಿದ್ದಳು. "ಕಾಯ್ಲೆ ಬಿದ್ದು ಸತ್ರೆ ಮಾತ್ರ ಆಳೂ ಅದ್ರ ಹಿಂದ್ಲೇ."

"ಯಾರು ಯೋಳಿದ್ದು ಅತ್ತೆ?"

"ಯಾರು ಯೋಳ್ಬೇಕು? ನಿಮ್ ತಾತನ ಹುಂಜ ತೂಕಡಿಸ್ತಾ ತೂಕಡಿಸ್ತಾ ಕಣ್ಮುಚ್ತು. ಎಂಟು ದಿನಕ್ಕೆ ನಿಮ್ ತಾತ."

ತಾತನಿಗೆ ಆಗ ಎಂಬತ್ತೈದು ದಾಟಿತ್ತು ಎಂಬುದನ್ನು ಯಾರೂ ಗಣನೆಗೆ ತೆಗೆದುಕೊಳ್ಳಲಿಲ್ಲ!

ಬೆಳಗಾಗುತ್ತಲೇ ಅತ್ತೆ ಕೋಳಿ ಕವುಚಿದ ಬಿದಿರು ಮಂಕರಿಗಳ ಮುಂದೆ ಕುಕ್ಕರುಗಾಲಲ್ಲಿ ಕೂರುವಳು. ಮಂಕರಿಯ ಅಂಚನ್ನು ನಾಲ್ಕು ಬೆರಳಿನಷ್ಟು ಎತ್ತಿ, ಮಲಗಿದ ಮಗುವನ್ನು ಎಬ್ಬಿಸುವ ದನಿಯಲ್ಲಿ ಕರೆಯುವಳು: "ದೊಡ್ಡಣ್ಣಾ..." ಚನ್ನರಾಯಪಟ್ಟಣದಲ್ಲಿ ತೆಂಗಿನಕಾಯಿ ವ್ಯಾಪಾರ ಮಾಡುತ್ತಿದ್ದ ನಮ್ಮ ದೊಡ್ಡಪ್ಪನ ಹೆಸರಿನ ಕೆಂಪು ಹುಂಜ ಹೊರಗೆ ಬರುವುದು. ಅದೊಂದೇ. "ತಮ್ಮಯ್ಯಾ..." ನಮ್ಮ ತಂದೆ ಬರುವುದು. ಕರೆಯದೆ ಒಂದು ಕೋಳಿಯೂ ತಲೆ ಹಾಕುತ್ತಿರಲಿಲ್ಲ. ಮಂಕರಿಯ ಕತ್ತಲೆಯಲ್ಲಿ ಸದ್ದಿಲ್ಲದೆ ಕೂತು ತಂತಮ್ಮ ಹೆಸರಿಗಾಗಿ ಕಾಯುವ ಕೋಳಿಗಳನ್ನು ನೀವು ನೋಡಿದ್ದೀರಾ? ನಾನು ನೋಡಿದ್ದೇನೆ. ಅದಕ್ಕೇ ಕಾಲೇಜಿನಲ್ಲಿ ಮೇಷ್ಟರು ಹಾಜರಿ ಕರೆಯುವಾಗಲೆಲ್ಲ ನನ್ನ ಬೆನ್ನು ತಣ್ಣಗಾಗುತ್ತಿತ್ತು.

ಹೊರಗೆ ಬಂದವರಿಗೆ ತಪಾಸಣೆ. ಜುಟ್ಟು ಕೆಂಪಗಿದೆಯೇ, ಹಿಕ್ಕೆ ಗಟ್ಟಿಯಾಗಿದೆಯೇ, ರೆಕ್ಕೆಯ ಕೆಳಗೆ ಹೇನಿದೆಯೇ, ನಿನ್ನೆ ತಿಂದ ಕಾಳು ಕರಗಿದೆಯೇ. ಕಾಲಿಗೆ ಹುರುಪೆ ಎದ್ದವರಿಗೆ ಹೊಂಗೆ ಎಣ್ಣೆ. ಹೇನಾದವರಿಗೆ ಒಲೆಯ ಬೂದಿಯಲ್ಲಿ ಸ್ನಾನ. ಒಂದು ಸಲ ನಮ್ಮ ಅವ್ವನ ಹೆಸರಿನ ಹೇಂಟೆಗೆ ತನ್ನ ಮೊಟ್ಟೆಯನ್ನು ತಾನೇ ಒಡೆದು ಕುಡಿಯುವ ಚಟ ಹತ್ತಿತು. ಅತ್ತೆ ಖಾಲಿ ಮೊಟ್ಟೆಯೊಳಗೆ ಮೆಣಸಿನಕಾಯಿ ಅರೆದು ತುಂಬಿಸಿ ಗೂಡಿನಲ್ಲಿಟ್ಟಳು. ಚಟ ಬಿಟ್ಟಿತು. ಅವ್ವ ಎಂಟು ದಿನ ಮಾತು ಬಿಟ್ಟಳು, ಒಂಬತ್ತನೆಯ ದಿನ ಬಾಯಿ ಬಿಟ್ಟಳು!

"ಏನಿದ್ರೂ ಬಾಯಲ್ಲಿ ಯೋಳ್ಬೇಕಿತ್ತು ಅತ್ಗೆ, ನನ್ ಬಾಯ್ಗೆ ಖಾರ ಇಕ್ಬುಟ್ರಲ್ಲಾ!"

"ನಿಂಗ್ಯಾಕವ್ವ ನಾನು ಇಕ್ಲಿ? ಕೋಳಿಗಿಕ್ದೆ."

"ಎರಡೂ ಒಂದೇ ಅಂತ ಊರ್ಗೆಲ್ಲ ಸಾರಿರೋರು ನೀವೇ ತಾನೆ?"

ಇನ್ನು ಕೋಳಿಸಾರು? ನಮ್ಮ ಮನೆಯಲ್ಲಿ ಆ ಮಾತೇ ಇರಲಿಲ್ಲ. ದೊಡ್ಡಪ್ಪನ ಅಳಿಯ ಅರಕಲಗೂಡಿನವರು. ಮದುವೆಯಾದ ಹೊಸದರಲ್ಲಿ ನಮ್ಮಲ್ಲಿಗೆ ಬಂದು, ಹಿತ್ತಿಲಿನ ಕಡೆ ನೋಡಿ ತುಟಿ ಸವರಿಕೊಂಡು, "ಒಂದು ಹುಂಜ ಕೊಯ್ಯಿ ಅತ್ತೆಮ್ಮ" ಎಂದರು. ಅತ್ತೆ ಕುಡುಗೋಲು ಹಿಡಿದು ಬಂದು ವಿನಯದಿಂದಲೇ ಕೇಳಿದಳು, "ಯಾರನ್ನ ಕೊಯ್ಲಿ ಅಳಿಮಯ್ಯಾ? ಅಗೋ ಅಲ್ಲಿ ಕೆದಕ್ತಾ ಇರೋದು ನಿಮ್ ಮಾವ. ಬೇಲಿ ತಾವ ಇರೋದು ನೀವು." ಅಳಿಯಂದಿರು ಆ ದಿನ ಹುರುಳಿಕಾಳಿನ ಸಾರು ಉಂಡರು.

ಅದೇ ಅಳಿಯನ ಹೆಂಡತಿಯ ಹೆಸರಿನ ಹೇಂಟೆ ಒಂದು ದಿನ, ಮೊಟ್ಟೆಯೇ ಇಲ್ಲದ ಬುಟ್ಟಿಯಲ್ಲಿ ಕಾವು ಕೂತಿತು. ನೀರಿನಲ್ಲಿ ಅದ್ದಿದರೂ ಏಳಲಿಲ್ಲ. "ಅರಕಲಗೂಡಿಗೆ ಯೋಳಿ ಕಳ್ಸಿ, ಎಣ್ಮಗಳು ಭಾರ ಎತ್ಬಾರ್ದು" ಎಂದಳು ಅತ್ತೆ. ತಾನು ಬಸುರಿಯೆಂದು ಆ ಹುಡುಗಿಗೇ ಇನ್ನೂ ಗೊತ್ತಿರಲಿಲ್ಲ. ಗೊತ್ತಾದಾಗ ಲೆಕ್ಕ ಸರಿಯಾಗಿತ್ತು. ಇದಾದ ಮೇಲೆ ನಮ್ಮ ಮನೆಗೆ ಬರುವ ನೆಂಟರು ನಮ್ಮ ಯೋಗಕ್ಷೇಮ ವಿಚಾರಿಸುವುದನ್ನೇ ಬಿಟ್ಟರು. ಚಪ್ಪಲಿ ಬಿಟ್ಟವರೇ ನೇರ ಹಿತ್ತಿಲಿಗೆ! ದೊಡ್ಡಪ್ಪನಂತೂ ಚನ್ನರಾಯಪಟ್ಟಣದಿಂದ ಟವೆಲಿನ ಮೂಲೆಯಲ್ಲಿ ನವಣೆ ಕಟ್ಟಿಕೊಂಡು ಬಂದು, ಅತ್ತಿತ್ತ ನೋಡಿ, ತಮ್ಮ ಹುಂಜಕ್ಕೆ ಮಾತ್ರ ಹಾಕುತ್ತಿದ್ದರು. ಬಾಯಿ ಹಾಕಲು ಬಂದ ನಮ್ಮ ತಂದೆಯನ್ನು ಕಾಲಿನಿಂದ ಅಟ್ಟುತ್ತಿದ್ದರು.

ಮೈಸೂರಿಗೆ ಹೋದರೆ ಇದರಿಂದ ಪಾರಾಗುತ್ತೇನೆ ಎಂದುಕೊಂಡಿದ್ದೆ. ಅತ್ತೆಗೆ ಓದು ಬರಹ ಬಾರದು. ಊರಿನ ಶಾಲೆಯ ಮೇಷ್ಟರಿಂದ ಕಾರ್ಡು ಬರೆಸುತ್ತಿದ್ದಳು. ಅವರದು ಗ್ರಾಂಥಿಕ ಭಾಷೆ. "ಚಿರಂಜೀವಿಗೆ ಆಶೀರ್ವಾದ. ಇಲ್ಲಿ ನಿನ್ನ ಎಡಗಾಲು ಊದಿಕೊಂಡಿರುತ್ತದೆ. ಕುಂಟುತ್ತಿದ್ದೀಯೆ. ಬಿಸಿ ಶಾಖ ಕೊಟ್ಟಿರುತ್ತೇವೆ. ಎಚ್ಚರದಿಂದಿರತಕ್ಕದ್ದು." ಹಾಸ್ಟೆಲಿನ ಗೆಳೆಯರಿಗೆ ಓದಿ ಹೇಳಿ ಹೊಟ್ಟೆ ಹಿಡಿದುಕೊಂಡು ನಕ್ಕೆ. ನಗುತ್ತಲೇ ಊಟದ ಗಂಟೆಗೆ ಮೆಟ್ಟಿಲಿಳಿದೆ. ಕೊನೆಯ ಮೆಟ್ಟಿಲಲ್ಲಿ ಕಾಲು ಉಳುಕಿತು. ಯಾವ ಕಾಲು ಎಂದು ಕೇಳಬೇಡಿ!

ನನ್ನ ಕೊನೆಯ ಪರೀಕ್ಷೆಗೆ ಮೂರು ವಾರವಿದ್ದಾಗ, ಓದಲೆಂದು ಊರಿಗೆ ಬಂದಿದ್ದೆ. ಆಗ ಕೊಕ್ಕರೆ ರೋಗ ಬಂತು.

ಕೋಳಿ ಸಾಕಿದವರಿಗೆ ಅದರ ಹೆಸರು ಕೇಳಿದರೆ ಸಾಕು. ಹಸಿರು ಹಿಕ್ಕೆ, ಬಾಯಿ ತೆರೆದು ಏದುಸಿರು. ಆಮೇಲೆ ಕತ್ತು ತಿರುಚಿಕೊಂಡು ಕೋಳಿ ಆಕಾಶವನ್ನೇ ನೋಡುತ್ತ, ನಿಂತಲ್ಲೇ ಸುತ್ತುತ್ತ ಹಿಂದು ಹಿಂದಕ್ಕೆ ನಡೆಯುತ್ತದೆ. ಮಟಮಟ ಮಧ್ಯಾಹ್ನ, ಹಿತ್ತಿಲಿನಲ್ಲಿ ಐದಾರು ಕೋಳಿಗಳು ಒಟ್ಟಿಗೆ ತಲೆಯೆತ್ತಿ, ನಮಗೆ ಕಾಣದ ಯಾರನ್ನೋ ನೋಡುತ್ತ ಹಿಂದಕ್ಕೆ ಸರಿಯುತ್ತಿದ್ದವು. ಅವುಗಳ ಹೆಸರು ಗೊತ್ತಿದ್ದ ನಮಗೆ ಅತ್ತ ಹೋಗುವ ಧೈರ್ಯವಿರಲಿಲ್ಲ. ನಾನು ಹಾಸನಕ್ಕೆ ಹೋಗಿ ದನದ ಡಾಕ್ಟರನ್ನು ಕಂಡೆ. "ಇದಕ್ಕೆ ಮದ್ದಿಲ್ಲಪ್ಪ. ಸತ್ತದ್ದನ್ನು ಸುಣ್ಣ ಹಾಕಿ ಆಳವಾಗಿ ಹೂಳಿ. ಎರಡು ತಿಂಗಳು ಹೊಸ ಕೋಳಿ ತರಬೇಡಿ" ಎಂದರು. ಬಂದು ಅತ್ತೆಗೆ ಹೇಳಿದರೆ, "ಅಷ್ಟು ಯೋಳಾಕೆ ಆಸನಕ್ಕೆ ಓಗ್ಬೇಕಿತ್ತಾ?" ಎಂದಳು. ಅವಳು ಆಗಲೇ ಸುಣ್ಣ ತರಿಸಿಯಾಗಿತ್ತು.

ಆದರೆ ಡಾಕ್ಟರಿಗೆ ಗೊತ್ತಿಲ್ಲದ ಒಂದು ಕೆಲಸವನ್ನು ಅವಳು ಮಾಡುತ್ತಿದ್ದಳು. ಕೋಳಿ ಕಾಯಿಲೆ ಬಿದ್ದ ಕೂಡಲೇ ಅದರ ತಲೆಯ ಹತ್ತಿರ ಬೊಗಸೆಯೊಡ್ಡಿ, ನೀರನ್ನು ಮೊಗೆದುಕೊಳ್ಳುವಂತೆ ಏನನ್ನೋ ಮೊಗೆದುಕೊಂಡು, ಚೆಲ್ಲದಂತೆ ನಡೆದುಹೋಗಿ ಗಟ್ಟಿಮುಟ್ಟಾದ ಇನ್ನೊಂದು ಕೋಳಿಯ ತಲೆಗೆ ಸುರಿಯುವಳು. ಹೆಸರನ್ನು ಸಾಗಿಸುತ್ತಿದ್ದಳು! ಅವಳ ಬೊಗಸೆಯಲ್ಲಿ ನನಗೇನೂ ಕಾಣುತ್ತಿರಲಿಲ್ಲ. ಆದರೂ ಅವಳು ಎದುರಿಗೆ ಬಂದರೆ ನಾನು ಪಕ್ಕಕ್ಕೆ ಸರಿದು ದಾರಿ ಬಿಡುತ್ತಿದ್ದೆ.

ಹೀಗೆ ಒಂದರ ಮೇಲೆ ಇಬ್ಬರು, ನಾಲ್ವರು, ಏಳು ಜನ ಕೂತರು. ಹದಿನೈದು ದಿನದಲ್ಲಿ ಉಳಿದದ್ದು ಒಂದೇ ಹುಂಜ, ನನ್ನ ಹೆಸರಿನ ಬೂದು ಹುಂಜ. ಹೊಳೆನರಸೀಪುರ, ಚನ್ನರಾಯಪಟ್ಟಣ, ಅರಕಲಗೂಡುಗಳ ನಮ್ಮ ನೆಂಟಸ್ತನವೆಲ್ಲ ಅದರ ಮೇಲೆ!

"ಇಷ್ಟು ಜನ ಕೂತ್ರೆ ಅದ್ರ ಸ್ವಂಟ ಮುರ್ಯಾಕಿಲ್ವಾ ಅಕ್ಕಾ?" ಎಂದರು ನಮ್ಮ ತಂದೆ. ಯಾರೂ ನಗಲಿಲ್ಲ. ಅವರೂ ನಗಲಿಲ್ಲ.

ನಾನು ಮೈಸೂರಿಗೆ ಹೊರಡುವ ದಿನ ಬೆಳಿಗ್ಗೆ ಬೂದು ಹುಂಜ ಕಾಳು ಮುಟ್ಟಲಿಲ್ಲ. ರೆಕ್ಕೆ ಇಳಿಬಿಟ್ಟು ಕಣ್ಣು ಮುಚ್ಚಿ ನಿಂತಿತ್ತು. ಅತ್ತೆ ಬೆಳ್ಳುಳ್ಳಿ, ಅರಿಸಿನ ಅರೆದು ಮಜ್ಜಿಗೆಯಲ್ಲಿ ಕಲಸಿ ಅದರ ಗಂಟಲಿಗೆ ಬಿಡುತ್ತಿದ್ದಳು.

"ಇವತ್ತು ಓಗ್ಬೇಡ ಕಣ್ಲಾ ಮಗ."

"ಪರೀಕ್ಷೆ ಅತ್ತೆ. ಈ ವರ್ಷ ತಪ್ಪಿದ್ರೆ ಮುಂದ್ಲೊರ್ಷಕ್ಕೆ ಹಾಸ್ಟೆಲಲ್ಲಿ ಪುಕ್ಕಟೆ ಊಟ ಕೊಡಲ್ಲ. ಅಲ್ಲಿಗೆ ನನ್ ಓದು ಮುಗೀತು."

ಅವಳು ಹುಂಜದ ಮುಖ ನೋಡಿದಳು, ನನ್ನ ಮುಖ ನೋಡಿದಳು. "ಅಂಗಾದ್ರೆ ಓಗು. ತಿರುಗಿ ನೋಡ್ಬೇಡ" ಎಂದಳು.

ರೈಲಿನಲ್ಲಿ ನನ್ನ ಕತ್ತು ನೋಯತೊಡಗಿತು. ಕಿಟಕಿಗೆ ಒರಗಿ ನಿದ್ದೆ ಮಾಡಿದ್ದರಿಂದ ಎಂದು ತರ್ಕಶಾಸ್ತ್ರ ಹೇಳಿತು. ಇರಬಹುದು. ಹಾಗಾದರೆ ನಾನು ಯಾಕೆ ಮತ್ತೆ ಮತ್ತೆ ಆಕಾಶ ನೋಡುತ್ತಿದ್ದೆ? ಹಾಸ್ಟೆಲಿನಲ್ಲಿ ಅನ್ನ ಸೇರಲಿಲ್ಲ. ಪುಸ್ತಕ ತೆರೆದರೆ ಪುಟದ ತುಂಬ ಬೂದು ರೆಕ್ಕೆ. ಪರೀಕ್ಷೆಯ ದಿನ ಬೆಳಿಗ್ಗೆ ಕಾರ್ಡು ಬಂತು: "ನೀನು ಸಂಪೂರ್ಣ ಗುಣಮುಖನಾಗಿರುತ್ತೀಯೆ. ಈ ದಿನ ಎರಡು ಸಲ ಕೂಗಿದೆ. ರಾಗಿ ತಿಂದೆ. ಹೇಂಟೆ ಒಂದೂ ಇಲ್ಲವೆಂದು ಸ್ವಲ್ಪ ಬೇಸರದಲ್ಲಿರುತ್ತೀಯೆ, ಅಷ್ಟೆ. ಯೋಚನೆ ಬಿಟ್ಟು ಬರೆಯತಕ್ಕದ್ದು." ನಾಚಿಕೆ ಬಿಟ್ಟು ಹೇಳುತ್ತೇನೆ: ಆ ಕಾರ್ಡನ್ನು ಜೇಬಿನಲ್ಲಿಟ್ಟುಕೊಂಡು ಎಲ್ಲ ಪತ್ರಿಕೆಗಳನ್ನೂ ಬರೆದೆ. ಪಾಸಾದೆ.

ಫಲಿತಾಂಶ ಪೇಪರಿನಲ್ಲಿ ಬಂದ ಮೇಲೆ ಊರಿಗೆ ಬಂದೆ. ಬೀದಿಯವರೆಲ್ಲ ಜಗಲಿಗೆ ಬಂದು ನೋಡಿದರು. ಹಿತ್ತಿಲಿಗೆ ಹೋದೆ. ಒಂದು ಸದ್ದಿಲ್ಲ. ನೆಲಕ್ಕೆ ಸುಣ್ಣ ಎರಚಿತ್ತು. ಮಂಕರಿಗಳನ್ನು ತೊಳೆದು ಬಿಸಿಲಿಗೆ ಕವುಚಿತ್ತು. ಅತ್ತೆ ಕಲ್ಲಿನ ಮೇಲೆ ಸುಮ್ಮನೆ ಕೂತಿದ್ದಳು.

"ಅತ್ತೆ, ನನ್ ಹುಂಜ?"

"ನೀನು ಓದ ಮಾರ್ನೆ ದಿನವೇ ಸತ್ತೋಯ್ತು ಕಣ್ಲಾ."

ನಾನು ನನ್ನ ನಾಡಿ ಮುಟ್ಟಿ ನೋಡಿಕೊಂಡೆ. "ಮತ್ತೆ ಆ ಕಾರ್ಡು?"

"ಮೇಷ್ಟ್ರಿಗೆ ಸುಳ್ಳು ಯೋಳಿ ಬರೆಸ್ದೆ. ನೀನು ಎದ್ರಕಬೇಡ. ನಿಂಗೇನೂ ಆಗಾಕಿಲ್ಲ. ಅದು ಸಾಯಕ್ಕೆ ಮುಂಚೆ ನಿಮ್ಮೆಲ್ಲಾರ ಹೆಸ್ರೂ ಇಸ್ಕಂಡು ನನ್ ಮಡ್ಲಿಗೆ ಕಟ್ಕಂಡೆ. ಬರೀಗೈಲಿ ಕಳ್ಸಾಕಾಯ್ತದಾ? ಅದಕ್ಕೆ ನಂದೊಂದು ಹೆಸ್ರು ಕೊಟ್ಟೆ."

ಅಲ್ಲಿಯವರೆಗೆ ಅವಳ ಹೆಸರಿನ ಕೋಳಿ ಆ ಹಿತ್ತಿಲಿನಲ್ಲಿ ಒಂದೂ ಇರಲಿಲ್ಲ ಎಂಬುದು ನನಗೆ ಹೊಳೆದದ್ದೇ ಆಗ.

"ನನ್ ಎರಡು ಸೀರೆ ನಿಮ್ಮವ್ವಂಗೆ ಕೊಟ್ಬುಟ್ಟೆ," ಎಂದಳು, ಬಸ್ಸು ತಡವಾದದ್ದಕ್ಕೆ ತಾನೇ ನಾಚಿಕೊಳ್ಳುವವಳಂತೆ. "ಎರಡು ತಿಂಗಳಾಯ್ತು ಕಾಯ್ತಾ. ಇನ್ನೂ ಕರೆ ಬಂದಿಲ್ಲ. ನೀನು ಪಾಸಾಗಿದ್ದು ಕಿವಿಗೆ ಬಿತ್ತಲ್ಲ, ಇನ್ನು ಯಾವಾಗ್ಲಾದ್ರೂ ಬರ್ಲಿ."

ಕೋಳಿಗೆ ಹೆಸರು ಕೊಟ್ಟ ಮಾತ್ರಕ್ಕೆ ಯಾರೂ ಸಾಯುವುದಿಲ್ಲ, ಇದೆಲ್ಲ ಭ್ರಮೆ ಎಂದು ಹೇಳಲು ನಾನು ಬಾಯಿ ತೆರೆದೆ. ಹೇಳಿದರೆ, ಅವಳು ನನಗಾಗಿ ಕೊಟ್ಟದ್ದು ಏನೂ ಅಲ್ಲ ಎಂದು ಹೇಳಿದಂತೆ. ಬಾಯಿ ಮುಚ್ಚಿಕೊಂಡೆ.

ಮರುದಿನ ಹೊಳೆನರಸೀಪುರದ ಸಂತೆ. ಹೋಗುತ್ತ ನಾಲ್ಕು ಮೈಲಿ, ಬರುತ್ತ ನಾಲ್ಕು ಮೈಲಿ. ಇದ್ದೆರಡು ಷರಟಿನಲ್ಲಿ ಒಳ್ಳೆಯದನ್ನು ಹಾಕಿಕೊಂಡ ಬಿ.ಎ. ಕಂಕುಳಲ್ಲಿ ಒಂದು ಎಳೆಯ ಹೇಂಟೆಯನ್ನು ಅವುಚಿಕೊಂಡು ನಡೆದ. ದಾರಿಯ ಜನ ನಕ್ಕರು. ಹಿರಿಯರ ಹೆಸರನ್ನು ಬಾಯಿಬಿಟ್ಟು ಹೇಳುವ ಪದ್ಧತಿ ನಮ್ಮಲ್ಲಿಲ್ಲ. ಆದರೂ ಅತ್ತೆಯ ಎದುರಿಗೇ ಕೂತು, ಹೇಂಟೆಯ ಕಿವಿಗೆ ಬಾಯಿ ಹಚ್ಚಿ, ಅವಳ ಹೆಸರನ್ನು ಮೂರು ಸಲ, ಅವಳಿಗೂ ಕೇಳುವಂತೆ ಹೇಳಿದೆ. ಆಮೇಲೆ ಅದನ್ನು ಅವಳ ಮಡಿಲಲ್ಲಿಟ್ಟೆ.

ಅತ್ತೆ ತುಂಬ ಹೊತ್ತು ಅದರ ಬೆನ್ನ ಮೇಲೆ ಕೈಯಾಡಿಸಿದಳು. ಜುಟ್ಟು ನೋಡಿದಳು. ಕಣ್ಣು ನೋಡಿದಳು. ಕೊನೆಗೆ ರೆಕ್ಕೆ ಎತ್ತಿ ನೋಡಿ ಹೇಳಿದಳು:

"ಹೇನು ತುಂಬ್ಕಂಡವೆ ಕಣ್ಲಾ. ಓಗು, ಒಲೆ ಬೂದಿ ತತ್ತಾ."