ಔಷಧವನಕ್ಕೊಂದು ಗದರಿಕೆ

"ಇನ್ನು ಮೇಲೆ ಒಂದೇ ಒಂದು ಗಿಡ ಹೋದರೂ ನನ್ನ ಹೆಸರು ವಿಮಲಸೇನ ಅಲ್ಲ" ಎಂದು ಕುರುವಿಟ ಊರಿನ ನಾಟಿವೈದ್ಯರಾದ ವೆದಮಹತ್ತಯರು ಮಂಗಳವಾರ ಬೆಳಿಗ್ಗೆ ಘೋಷಿಸಿದರು.

ಘೋಷಣೆ ಕೇಳಿಸಿಕೊಂಡವರು ಹೆಂಡತಿ ಸೋಮಲತಾ ಒಬ್ಬರೇ. ಅವರು ತೆಂಗಿನಕಾಯಿ ತುರಿಯುತ್ತಲೇ, "ಮತ್ತೇನಂತ ಕರೀಲಿ, ಈಗಲೇ ಹೇಳ್ಬಿಡಿ" ಎಂದರು.

ಹೋಗುತ್ತಿದ್ದದ್ದು ಬಿನ್ ಕೊಹೊಂಬ, ಅಂದರೆ ನೆಲಬೇವು. ಗೇಣುದ್ದದ ಗಿಡ, ಬಾಯಿಗಿಟ್ಟರೆ ಸತ್ತ ಅಜ್ಜಿ ಕಣ್ಣೆದುರು ಬರುವಷ್ಟು ಕಹಿ. ಜ್ವರದ ಕಷಾಯಕ್ಕೆ ಅದು ಬೇಕೇ ಬೇಕು. ತಂದೆಯ ಕಾಲದಲ್ಲಿ ಮನೆ ಹಿಂದಿನ ಕಾಡಿಗೆ ಹೋದರೆ ಸಿಗುತ್ತಿತ್ತು, ಈಗ ಮೂರು ಗುಡ್ಡ ಹತ್ತಿಳಿದರೂ ಇಲ್ಲ. ಹಾಗಾಗಿ ವೆದಮಹತ್ತಯರು ಹಿತ್ತಲ ನೆರಳಲ್ಲಿ ನೂರು ಸಸಿ ನೆಟ್ಟು, ಒಂದೊಂದಕ್ಕೂ ನಂಬರು ಕೊಟ್ಟು, ವಾರವಾರ ಫೋಟೊ ತೆಗೆದು ಫೋನಿನಲ್ಲೇ ಗಿಡಮೂಲಿಕೆ ಕಚೇರಿಗೆ ಕಳಿಸುತ್ತಿದ್ದರು. ಬೀಜ ಕಟ್ಟುವವರೆಗೆ ಅರವತ್ತು ಗಿಡ ಉಳಿದರೆ ಅದು 'ತಾಯಿತೋಟ'. ಬೇರೆ ಊರಿನ ವೈದ್ಯರಿಗೆಲ್ಲ ಬೀಜ ಅಲ್ಲಿಂದಲೇ ಹೋಗುತ್ತದೆ.

ಆದರೆ ಕೋತಿಗಳು ಬಿಡಬೇಕಲ್ಲ. ತಿಂದಿದ್ದರೆ ಸಹಿಸಬಹುದಿತ್ತು. ಅವು ಕಿತ್ತು, ಮೂಸಿ, ಮುಖ ಸಿಂಡರಿಸಿ ಬಿಸಾಡಿ, ಪಕ್ಕದ್ದಾದರೂ ಸಿಹಿ ಇದ್ದೀತೆಂದು ಅದನ್ನೂ ಕೀಳುತ್ತಿದ್ದವು. ಉಳಿದದ್ದು ಅರವತ್ತಮೂರು.

ಕಚೇರಿಯವರು ಒಂದು ಕ್ಯಾಮೆರಾ, ಒಂದು ಸ್ಪೀಕರ್ ಕೊಟ್ಟರು. ಕ್ಯಾಮೆರಾಕ್ಕೆ ಕೋತಿ ಕಂಡರೆ ಸ್ಪೀಕರ್ ಗದರುತ್ತದೆ. ಗದರಿಕೆಯನ್ನು ಮೊದಲೇ ಫೋನಿನಲ್ಲಿ ರೆಕಾರ್ಡ್ ಮಾಡಿಡಬೇಕು. ವೆದಮಹತ್ತಯರು ಬಿಳಿ ಅಂಗಿ ತೊಟ್ಟು, ಗಂಟಲು ಸರಿಮಾಡಿಕೊಂಡು, "ಎಲೈ ವಾನರರೇ, ಇದು ಔಷಧವನ. ಕೂಡಲೇ ನಿರ್ಗಮಿಸಿ" ಎಂದು ಗುಡುಗಿದರು. ಆಮೇಲೆ ನಿಲ್ಲಿಸುವ ಗುಂಡಿ ಒತ್ತಿ, ಫೋನು ಜೇಬಿಗಿಳಿಸಿ ಅಡುಗೆಮನೆಗೆ ಹೋದರು. ಒತ್ತಿದ್ದು ಬೇರೆ ಗುಂಡಿ.

ಶುಕ್ರವಾರ ಕಚೇರಿಯಿಂದ ನಿಲೂಷಿ ಎಂಬ ಅಧಿಕಾರಿ ಗಿಡ ಎಣಿಸಲು ಬಂದಳು. ಜಗಲಿಯಲ್ಲಿ ಜಿನದಾಸ ಔಷಧಿಗಾಗಿ ಕಾಯುತ್ತಿದ್ದ. ಸಕ್ಕರೆ ಕಾಯಿಲೆಯೆಂದು ಮೂರು ತಿಂಗಳಿಂದ ಅವನಿಗೆ ಬೆಲ್ಲ ಬಿಡಿಸಿದ್ದರು ವೆದಮಹತ್ತಯರು. ಅಷ್ಟರಲ್ಲೇ ಕೋತಿಗಳೂ ಬಂದವು.

"ನೋಡ್ತಿರು ಮಗಳೇ" ಎಂದರು ವೆದಮಹತ್ತಯರು, ಫೋನು ಎತ್ತಿ ಹಿಡಿದು.

"ಎಲೈ ವಾನರರೇ" ಎಂದಿತು ಸ್ಪೀಕರ್. ಒಂದು ಕೋತಿ ಕಂಕುಳು ಕೆರೆದುಕೊಂಡಿತು. "ನಿರ್ಗಮಿಸಿ" ಎಂದಾಗ ಇನ್ನೊಂದು ಹೋಗಿ ಸ್ಪೀಕರಿನ ಮೇಲೇ ಕುಳಿತು ಗಿಡಕ್ಕೆ ಕೈ ಹಾಕಿತು.

ಸ್ಪೀಕರ್ ಕರಕರ ಎಂದಿತು. ಡಬ್ಬಿಯ ಮುಚ್ಚಳ ತೆಗೆದ ಸದ್ದು. ಆಮೇಲೆ ಸೋಮಲತಾರ ದನಿ: "ಮತ್ತೆ ಬೆಲ್ಲಕ್ಕೆ ಕೈ ಹಾಕಿದ್ರಾ? ಊರಿಗೆಲ್ಲ ಪಥ್ಯ ಹೇಳ್ತೀರಿ, ನಿಮ್ಮ ನಾಲಿಗೆಗೆ ಯಾರು ಹೇಳ್ಬೇಕು? ಕೆಳಗಿಡಿ. ಇಡ್ತೀರೋ, ಇಲ್ಲ ನಾನೇ ಬರ್ಲೋ?"

ಕೋತಿಗಳು ಹಿಡಿದ ಗಿಡ ಬಿಟ್ಟು ಹಲಸಿನ ಮರದಾಚೆ ಮಾಯವಾದವು. ವೆದಮಹತ್ತಯರ ಕೈಯಿಂದ ಫೋನೂ ತಾನಾಗಿ ಕೆಳಗೆ ಬಿತ್ತು.

ಜಗಲಿಯಿಂದ ಜಿನದಾಸ ನಿಧಾನವಾಗಿ ಕೇಳಿದ: "ವೆದಮಹತ್ತಯಾ, ಹಾಗಾದ್ರೆ ನಾನೂ ಒಂದು ಚೂರು ತಿನ್ಬಹುದಾ?"

ನಿಲೂಷಿ ನಗು ತಡೆದುಕೊಂಡು ಗಿಡ ಎಣಿಸಿದಳು. ಅರವತ್ತಮೂರೂ ಇದ್ದವು. ನೆಟ್ಟಗೆ ಅಡುಗೆಮನೆಗೆ ಹೋದಳು.

"ಅಮ್ಮಾ, ಇನ್ನೂ ಹನ್ನೊಂದು ತೋಟಗಳಿಗೆ ಬೇಕು. ಒಂದೇ ಬೈಗುಳ ಆದ್ರೆ ಕೋತಿಗಳಿಗೆ ರೂಢಿಯಾಗಿಬಿಡುತ್ತೆ. ವಾರಕ್ಕೊಂದು ಹೊಸದು ರೆಕಾರ್ಡ್ ಮಾಡಿ ಕೊಡ್ತೀರಾ?"

"ಸುಮ್ಸುಮ್ನೆ ಬರೋಲ್ಲ ಮಗಳೇ" ಎಂದರು ಸೋಮಲತಾ. "ಇವರು ಎದುರಿಗೆ ನಿಂತಿರಬೇಕು."

ಅಂದಿನಿಂದ ಭಾನುವಾರ ಬಂತೆಂದರೆ ವೆದಮಹತ್ತಯರು ಫೋನು ಹಿಡಿದು ಹೆಂಡತಿಯ ಮುಂದೆ ನಿಲ್ಲುತ್ತಾರೆ. ಹೋದ ವಾರ ಮಾತ್ರ, "ಈ ಸಲ ನಾನೇನೂ ತಪ್ಪು ಮಾಡಿಲ್ಲ ಕಣೇ" ಎಂದು ತಪ್ಪಿಸಿಕೊಳ್ಳಲು ನೋಡಿದರು.

"ಪರವಾಗಿಲ್ಲ, ಏನಾದ್ರೂ ಮಾಡ್ಕೊಂಡು ಬನ್ನಿ" ಎಂದರು ಸೋಮಲತಾ. "ಕಾಯ್ತೀನಿ."