ಹೊಸಬರ ಸಾಲಿನಲ್ಲಿ ಒಬ್ಬ ಹಳಬ

ಕನ್ನಡಕದ ಅಂಗಡಿಯ ಯಜಮಾನರಿಗೆ ಸಿಟ್ಟು ಬಂದಿತ್ತು. ದೇವರ ಮೇಲಲ್ಲ (ಆ ಧೈರ್ಯ ಅವರಿಗಿಲ್ಲ), ಹೆಂಡತಿಯ ಮೇಲೂ ಅಲ್ಲ (ಆ ಧೈರ್ಯವಂತೂ ಮದುವೆಯಾದಾಗಿನಿಂದಲೇ ಇಲ್ಲ). ಅವರ ಸಿಟ್ಟೆಲ್ಲ ಬೆಂಚುಗಳ ಮೇಲೆ.

ನೀವೇ ಹೇಳಿ, ಅವರ ಸಿಟ್ಟಿನಲ್ಲಿ ತಪ್ಪೇನಿದೆ? ಆ ಬ್ಯಾಪ್ಟಿಸ್ಟ್ ಸಭೆ ಬೆರಳೆಣಿಕೆಯ ಜನರೊಂದಿಗೆ ಬಾಡಿಗೆ ಗೋದಾಮಿನಲ್ಲಿ ಶುರುವಾದಾಗ ಅಲ್ಲಿನ ನೆಲ ಗುಡಿಸಿದವರು ಇವರು. ಸ್ವಂತ ಕಟ್ಟಡ ಏಳುವಾಗ ಇಟ್ಟಿಗೆ ಹೊತ್ತವರು ಇವರು. ದೊಡ್ಡ ಪಾಸ್ಟರು ಊರಾಚೆಯ ಕೆರೆಯಲ್ಲಿ ಮೊಟ್ಟಮೊದಲು ತಲೆ ಸಮೇತ ಮುಳುಗಿಸಿ ದೀಕ್ಷಾಸ್ನಾನ ಕೊಟ್ಟಿದ್ದೂ ಇವರಿಗೇ. ಈಗ ಸಭೆ ದಿನದಿಂದ ದಿನಕ್ಕೆ ಬೆಳೆಯುತ್ತಿತ್ತು. ಒಂದು ಆರಾಧನೆ ಸಾಲದೆ ಎರಡಾಗಿತ್ತು. ಬೆಳಗಿನದು ದೊಡ್ಡ ಪಾಸ್ಟರದು, ಹಳಬರೆಲ್ಲ ಅದಕ್ಕೆ. ಆಮೇಲಿನದು ಹೊಸದಾಗಿ ಬಂದ ಚಿಕ್ಕ ಪಾಸ್ಟರದು, ಹೊಸ ಬಡಾವಣೆಯ ಹೊಸಬರೆಲ್ಲ ಅದಕ್ಕೆ. ಸಭೆ ಬೆಳೆದ ಹಾಗೆಲ್ಲ ಯಜಮಾನರ ಪಾಲಿಗೆ ಬೆಳೆದದ್ದು ಬೆಂಚುಗಳ ಸಂಖ್ಯೆ ಮಾತ್ರ. ಒಳಗೆ ಕಾಲಿಟ್ಟರೆ ಸಾಕು, “ಸ್ವಲ್ಪ ಆ ಕಡೆ ಹಿಡ್ಕೊಳ್ಳಿ, ನೀವು ನಮ್ಮವರೇ ಅಲ್ವಾ.” ನಮ್ಮವರು ಬೆಂಚು ಎತ್ತಿಟ್ಟು ಬರುವಷ್ಟರಲ್ಲಿ ಚಹಾದ ಪಾತ್ರೆಯ ತಳ ಕಾಣುತ್ತಿತ್ತು.

ಹೀಗಾಗಿ ಒಂದು ಭಾನುವಾರ ಬೆಳಗ್ಗೆ ಯಜಮಾನರು ಹಾಸಿಗೆ ಬಿಟ್ಟು ಏಳಲೇ ಇಲ್ಲ.

“ರೀ! ಏಳ್ತೀರೋ, ನೀರು ತಂದು ಸುರೀಲೋ?” ಎಂದರು ಹೆಂಡತಿ. ಆಕೆ ಶಾಲೆಯಲ್ಲಿ ಟೀಚರು. ಆಟದ ಮೈದಾನದ ಆ ತುದಿಯಲ್ಲಿರುವ ಮಕ್ಕಳನ್ನು ಈ ತುದಿಯಿಂದ ಮೈಕಿಲ್ಲದೆ ಸಾಲು ನಿಲ್ಲಿಸುವ ಗಂಟಲು. ಹಾಸಿಗೆಗೂ ಆಕೆಗೂ ನಡುವೆ ಇದ್ದದ್ದು ಎರಡು ಮಾರು.

“ಕುತ್ತಿಗೆ ಹಿಡ್ಕೊಂಡಿದೆ ಕಣೇ.”

“ಆಚೆ ವಾರ ಮಂಡಿ, ಹೋದ ವಾರ ಸೊಂಟ, ಈ ವಾರ ಕುತ್ತಿಗೆ. ನಿಮ್ಮ ನೋವು ಮೇಲಕ್ಕೇ ಹತ್ತುತ್ತಾ ಇದೆ. ಮುಂದಿನ ವಾರ ತಲೆಗೆ ಬರುತ್ತೆ. ಅಲ್ಲೇನೂ ಆಗಲ್ಲ ಬಿಡಿ, ಒಳಗೆ ಏನಾದ್ರೂ ಇದ್ರೆ ತಾನೇ ನೋಯೋದು!”

“ನೀನು ಹೋಗು. ನಾನು ಎರಡನೇ ಆರಾಧನೆಗೆ ಹೋಗ್ತೀನಿ. ದೇವರು ಅಲ್ಲೂ ಇರ್ತಾನೆ.”

“ದೇವರು ಇರ್ತಾನೆ ರೀ, ನೀವಿರ್ತೀರಾ ಅನ್ನೋದೇ ನನ್ನ ಅನುಮಾನ!”

ಬಾಗಿಲು ಧಡಾರೆಂದಿತು. ಯಜಮಾನರ ಕುತ್ತಿಗೆ ತಕ್ಷಣ ಸರಿಹೋಯಿತು.

ಎರಡನೇ ಆರಾಧನೆಯ ಬಾಗಿಲಲ್ಲಿ ಒಬ್ಬ ನರ್ಸಮ್ಮ ನಿಂತು ಎಲ್ಲರನ್ನೂ ಸ್ವಾಗತಿಸುತ್ತಿದ್ದಳು. (ಆಸ್ಪತ್ರೆಯಲ್ಲೂ ಸಿಸ್ಟರ್, ಸಭೆಯಲ್ಲೂ ಸಿಸ್ಟರ್.) ಯಜಮಾನರನ್ನು ಕಂಡವಳೇ ಮುಖ ಅರಳಿಸಿದಳು. “ಬನ್ನಿ ಬ್ರದರ್, ಬನ್ನಿ! ಮೊದಲನೇ ಸಲ ಬರ್ತಾ ಇದ್ದೀರಲ್ವಾ?”

“ಹೌದು” ಎಂದರು ಯಜಮಾನರು. “ಈ ಆರಾಧನೆಗೆ ಮೊದಲನೇ ಸಲ, ಆದರೆ ಈ ಸಭೆಗೆ ನಾನು...” ಎಂದು ಮುಂದುವರಿಸಬೇಕಿತ್ತು. ಮುಂದುವರಿಸುವುದಕ್ಕೆ ಬಾಯಿ ತೆರೆದದ್ದೂ ನಿಜ. ಅಷ್ಟರಲ್ಲಿ ಅವರ ಕಣ್ಣಿಗೆ ಮುಂದಿನ ಸಾಲಿನ ಕುರ್ಚಿಗಳು ಬಿದ್ದವು. ಹೊಸಬರಿಗೆಂದೇ ಇಟ್ಟ, ಕೆಂಪು ದಿಂಬಿನ, ಫ್ಯಾನಿನ ಕೆಳಗಿನ ಕುರ್ಚಿಗಳು. ಮಾತಿನ ಉಳಿದರ್ಧ ಗಂಟಲಿನಿಂದ ವಾಪಸು ಹೊಟ್ಟೆಗೆ ಇಳಿಯಿತು.

ಆಮೇಲೆ ನಡೆದದ್ದನ್ನು ಏನೆಂದು ಹೇಳುವುದು! ಎಲ್ಲರಿಗಿಂತ ಮೊದಲು ಅವರಿಗೆ ಚಹಾ ಬಂತು, ಅದೂ ಸಾಸರಿನ ಮೇಲೆ, ಪಕ್ಕದಲ್ಲಿ ಬಿಸ್ಕತ್ತು. ಸಭೆಗೆ ಸಭೆಯೇ ಎದ್ದು ನಿಂತು ಅವರ ಕಡೆ ತಿರುಗಿ ಸ್ವಾಗತಗೀತೆ ಹಾಡಿತು. ಚಿಕ್ಕ ಪಾಸ್ಟರು ಎರಡೂ ಕೈ ಹಿಡಿದು ಕುಲುಕಿ, “ನೀವು ಬಂದದ್ದು ನಮಗೆ ಹಬ್ಬ ಬ್ರದರ್” ಎಂದರು. ಬೆಂಚು ಎನ್ನುವ ಶಬ್ದ ಯಾರ ಬಾಯಲ್ಲೂ ಬರಲಿಲ್ಲ. ಊರಿನವರಿಗೆಲ್ಲ ಕಣ್ಣು ಕಾಣಿಸುವ ಹಾಗೆ ಮಾಡುವ ಕಸುಬು ಅವರದು, ಆದರೆ ಅವರೇ ಒಬ್ಬರ ಕಣ್ಣಿಗೆ ಕಾಣಿಸಿಕೊಂಡು ಎಷ್ಟು ಕಾಲವಾಗಿತ್ತೋ. ಯಜಮಾನರ ಕಣ್ಣು ತೇವವಾಯಿತು.

ಮುಂದಿನ ಭಾನುವಾರ ನಿಜ ಹೇಳಿಬಿಡಬೇಕೆಂದೇ ಅವರು ಹೋದರು. “ನಿಮ್ಮ ಕುರ್ಚಿ ಯಾರಿಗೂ ಬಿಟ್ಟುಕೊಟ್ಟಿಲ್ಲ ಬ್ರದರ್!” ಎಂದಳು ನರ್ಸಮ್ಮ. ಅಂಥ ಹೆಣ್ಣುಮಗಳ ಮನಸ್ಸು ನೋಯಿಸುವುದು ಯಾವ ನ್ಯಾಯ? ಕೂತರು. ಅದರ ಮುಂದಿನ ವಾರವೂ ಕೂತರು. ಮನೆಯಲ್ಲಿ ಹೆಂಡತಿ ಕೇಳಿದ್ದಕ್ಕೆ, “ಬೆಳಗ್ಗೆ ಜನ ಜಾಸ್ತಿ ಅಲ್ವೇನೇ, ಯಾರಿಗಾದ್ರೂ ಇರಲಿ ಅಂತ ಒಂದು ಜಾಗ ಬಿಟ್ಟುಕೊಟ್ಟೆ” ಎಂದರು.

“ಅಬ್ಬಬ್ಬಾ, ಎಂಥಾ ತ್ಯಾಗ!” ಎಂದರು ಟೀಚರಮ್ಮ.

ತ್ಯಾಗಿಗೆ ಗಂಡಾಂತರ ಬಂದದ್ದು ಚಿಕ್ಕ ಪಾಸ್ಟರ ರೂಪದಲ್ಲಿ. “ಬ್ರದರ್, ವಾರ್ಷಿಕೋತ್ಸವದ ದಿನ ಎರಡೂ ಆರಾಧನೆಯವರು ಒಟ್ಟಿಗೆ ಸೇರ್ತೀವಿ. ಹೊಸ ತೊಟ್ಟೀಲಿ ದೀಕ್ಷಾಸ್ನಾನ ಇದೆ. ನಿಮ್ಮ ಹೆಸರೂ ಸೇರಿಸಲಾ?”

ಬಾಯಲ್ಲಿದ್ದ ಬಿಸ್ಕತ್ತು ಅಲ್ಲೇ ನಿಂತಿತು. ಬ್ಯಾಪ್ಟಿಸ್ಟರಲ್ಲಿ ನಂಬಿದವನು ಮುಳುಗುವುದು ಒಂದೇ ಸಲ. ಎರಡನೇ ಸಲ ಮುಳುಗಿದರೆ ಮೊದಲನೇ ಮುಳುಗನ್ನು ಸುಳ್ಳು ಮಾಡಿದ ಹಾಗೆ. ಯಜಮಾನರು ಕುರ್ಚಿಗಾಗಿ ಬಾಯಿ ಮುಚ್ಚಿಕೊಳ್ಳಬಲ್ಲರು, ಆದರೆ ದೇವರ ನೀರಿನಲ್ಲಿ ನಿಂತು ನಾಟಕವಾಡುವಷ್ಟು ಎದೆ ಅವರಿಗಿಲ್ಲ. ಆ ಗಡಿಬಿಡಿಯಲ್ಲಿ ಬಾಯಿಗೆ ಬಂದದ್ದನ್ನು ಅಂದುಬಿಟ್ಟರು.

“ಮನೇಲಿ... ಒಪ್ಪಲ್ಲ.”

“ಯಾರು, ನಿಮ್ಮ ಮನೆಯವರಾ? ಇಲ್ಲಿಗೆ ಬರೋದೂ ಅವರಿಗೆ ಇಷ್ಟ ಇಲ್ವಾ?”

“ನಾನು ಈ ಆರಾಧನೆಗೆ ಬರೋದು ಅವಳಿಗೆ ಅಷ್ಟು ಸರಿಬರಲ್ಲ.”

“ಬೈತಾರಾ?”

“ಭಾನುವಾರ ಬೆಳಗ್ಗೆ ಮಾತ್ರ. ನೀರು ಸುರೀತೀನಿ ಅಂತಾಳೆ.”

(ನೋಡಿ, ಇದರಲ್ಲಿ ಒಂದು ಮಾತೂ ಸುಳ್ಳಲ್ಲ. ಎಲ್ಲ ಸೇರಿಸಿದರೆ ಮಾತ್ರ ಅದಕ್ಕಿಂತ ದೊಡ್ಡ ಸುಳ್ಳಿಲ್ಲ.)

“ಅಯ್ಯೋ ದೇವರೇ, ನೀರು ಸುರೀತಾರಾ!” ಎಂದು ಪಕ್ಕದಲ್ಲೇ ನಿಂತಿದ್ದ ನರ್ಸಮ್ಮ ಎದೆಯ ಮೇಲೆ ಕೈಯಿಟ್ಟುಕೊಂಡಳು. “ಬಿಸಿನೀರಾ ಬ್ರದರ್?”

ಯಜಮಾನರು ತಲೆ ತಗ್ಗಿಸಿದರು. ಪಾಪ, ಆ ಹೆಣ್ಣುಮಗಳು ಅದನ್ನೇ ಉತ್ತರ ಅಂದುಕೊಂಡಳು.

ಬೆಳಗಿನ ಆರಾಧನೆಯಲ್ಲಿ ಸಭೆಯ ವಾರ್ತೆ ಓದುವವರು ಯಾರು ಗೊತ್ತೇ? ಸಾಕ್ಷಾತ್ ಟೀಚರಮ್ಮ. ಯಾರ ಮನೆಯಲ್ಲಿ ಮಗು ಹುಟ್ಟಿತು, ಯಾರಿಗೆ ಕಾಯಿಲೆ, ಯಾರಿಗಾಗಿ ಪ್ರಾರ್ಥಿಸಬೇಕು, ಎಲ್ಲ ಅವರ ಬಾಯಲ್ಲೇ ಕೇಳಬೇಕು. ಸ್ತ್ರೀಯರ ಪ್ರಾರ್ಥನಾ ಕೂಟಕ್ಕೂ ಅವರೇ ಮುಖ್ಯಸ್ಥೆ. ಮುಂದಿನ ಭಾನುವಾರ ಮಧ್ಯಾಹ್ನ ಊಟಕ್ಕೆ ಬಡಿಸುತ್ತಾ ಆಕೆ ಕಣ್ಣೊರೆಸಿಕೊಂಡರು.

“ಇವತ್ತು ವಾರ್ತೆ ಓದ್ತಾ ಓದ್ತಾ ಗಂಟಲೇ ಕಟ್ಟಿಹೋಯ್ತು ರೀ. ನಿಮ್ಮ ಎರಡನೇ ಆರಾಧನೆಗೆ ಯಾರೋ ಒಬ್ಬ ಹೊಸ ಸಹೋದರ ಬರ್ತಾನಂತೆ. ಹೆಸರು ಕೊಟ್ಟಿಲ್ಲ, ಮಾನಸ್ಥ ಪಾಪ. ದೀಕ್ಷಾಸ್ನಾನ ತಗೋಬೇಕು ಅಂತ ಅವನಿಗೆ ಆಸೆ, ಹೆಂಡತಿ ಬಿಡಲ್ವಂತೆ. ಭಾನುವಾರ ಬಂತು ಅಂದ್ರೆ ಮೈಮೇಲೆ ಕುದಿಯೋ ನೀರು ಸುರೀತಾಳಂತೆ!”

“ಕುದಿಯೋದು ಅಂತ ಯಾರು ಹೇಳಿದ್ದು?” ಎಂದು ಯಜಮಾನರು ಬೆಚ್ಚಿಬಿದ್ದರು.

“ಯಾಕೆ, ತಣ್ಣೀರಾದ್ರೆ ಪರವಾಗಿಲ್ವಾ? ನಿಮಗೆ ಗೊತ್ತಾ ಅವನು?”

“ನನಗಾ? ಮುಖ... ನೋಡಿರಬಹುದು.” (ದಿನಾ ಬೆಳಗ್ಗೆ, ಕನ್ನಡಿಯಲ್ಲಿ.)

“ಹೆಂಗಸಾ ಅವಳು, ರಾಕ್ಷಸಿ! ಅಂಥವಳ ಕೈಲಿ ಸಿಕ್ಕಿದ್ರೆ ನಿಮಗೆ ನನ್ನ ಬೆಲೆ ಗೊತ್ತಾಗ್ತಿತ್ತು.”

“ಹೂಂ.”

“ಅಷ್ಟು ಮೆಲ್ಲಗೆ ಯಾಕೆ ಹೂಂಗುಡ್ತೀರಿ? ಜೋರಾಗಿ ಹೇಳಿ!”

ಇಷ್ಟಕ್ಕೇ ನಿಂತಿದ್ದರೆ ಯಜಮಾನರು ಹೇಗೋ ಜೀರ್ಣಿಸಿಕೊಳ್ಳುತ್ತಿದ್ದರು. ಸ್ತ್ರೀಯರ ಕೂಟ ಆ ರಾಕ್ಷಸಿಗಾಗಿ ಶುಕ್ರವಾರಗಳಂದು ಉಪವಾಸ ಹಿಡಿಯಿತು. ಟೀಚರಮ್ಮ ಬೆಳಗಿನಿಂದ ಒಂದು ತುತ್ತೂ ಮುಟ್ಟದೆ ಶಾಲೆಗೆ ಹೋಗಿ, ಮಕ್ಕಳ ಜೊತೆ ಕೂಗಾಡಿ, ಸಂಜೆ ಮುಖ ಬಾಡಿಸಿಕೊಂಡು ಬಂದರು. ಬಂದವರೇ ಗಂಡನಿಗೆ ಬಿಸಿಯಾಗಿ ಬಡಿಸಿಟ್ಟು, ಕೋಣೆಯಲ್ಲಿ ಮೊಣಕಾಲೂರಿದರು. ಅರ್ಧ ತೆರೆದ ಬಾಗಿಲಿನಿಂದ ಮಾತು ಕೇಳಿಸುತ್ತಿತ್ತು. “ಕರ್ತನೇ, ಆ ಹೆಣ್ಣಿನ ಕಲ್ಲು ಮನಸ್ಸು ಕರಗಿಸು. ಅವಳಿಗೂ ಏನು ಕಷ್ಟವಿದೆಯೋ ನಿನಗೇ ಗೊತ್ತು. ಆ ಗಂಡನ ಕಿವಿಗೆ ಒಂದು ಒಳ್ಳೇ ಮಾತು ಬೀಳಲಿ ತಂದೆ.” ಮೈದಾನ ನಡುಗಿಸುವ ಆ ಗಂಟಲು ಆಗ ಎಷ್ಟು ಸಣ್ಣಗಿತ್ತೆಂದರೆ, ಯಜಮಾನರಿಗೆ ಯಾರೋ ಬೇರೆಯವರು ಮಾತಾಡುತ್ತಿದ್ದಾರೆ ಅನ್ನಿಸಿತು. ತಟ್ಟೆ ಹಿಡಿದೇ ಬಾಗಿಲ ಹತ್ತಿರ ಬಂದು ನಿಂತರು. ತನ್ನಂಥ ನಾಚಿಕೆಗೆಟ್ಟವನು ಈ ಊರಲ್ಲೇ ಇಲ್ಲ ಅನ್ನಿಸಿತು. ತಟ್ಟೆಯನ್ನು ಮುಚ್ಚಿಟ್ಟು, ಹೆಂಡತಿ ಎದ್ದು ಬರುವುದನ್ನೇ ಕಾದರು.

“ಕೇಳೇ, ಆ ಸಹೋದರ ಇದ್ದಾನಲ್ಲ... ಅವನು ನೀನು ಅಂದುಕೊಂಡಷ್ಟು ಒಳ್ಳೆಯವನಲ್ಲ.”

“ಬಾಯ್ಮುಚ್ಚಿ ಸುಮ್ನಿರಿ! ಕಷ್ಟದಲ್ಲಿರೋನ ಮೇಲೆ ಗೂಬೆ ಕೂರಿಸ್ತೀರಾ? ನಾಚಿಕೆ ಆಗಲ್ವಾ ನಿಮಗೆ?”

ಆಗುತ್ತಿತ್ತು. ಹೊಟ್ಟೆ ತುಂಬಾ ಆಗುತ್ತಿತ್ತು. ಆದರೆ ಅದನ್ನು ಹೇಳುವಷ್ಟರಲ್ಲಿ ಬಾಯಿ ಮುಚ್ಚಿಸಲಾಗಿತ್ತು, ಮುಚ್ಚಿದ ಬಾಯನ್ನು ಮತ್ತೆ ತೆರೆಯುವುದಕ್ಕೆ ಗಂಡಸಿಗೆ ಗಂಡೆದೆ ಬೇಕು.

ವಾರ್ಷಿಕೋತ್ಸವದ ಬೆಳಗ್ಗೆ ಅವರು ಜ್ವರ ಎಂದರು. ಟೀಚರಮ್ಮ ಹಣೆ ಮುಟ್ಟಿ ನೋಡಿ, “ನನ್ನ ಕೈಯೇ ಇದಕ್ಕಿಂತ ಬಿಸಿ ಇದೆ, ಏಳ್ರೀ” ಎಂದು ಎಳೆದುಕೊಂಡೇ ಹೋದರು. ಎರಡೂ ಆರಾಧನೆಯವರು ಸೇರಿ ಕಾಲಿಡಲು ಜಾಗವಿರಲಿಲ್ಲ. ಯಜಮಾನರು ಒಂದು ಕಂಬದ ಹಿಂದೆ ಸೇರಿಕೊಂಡು, ಯಾವತ್ತೂ ಹಾಕದ ಕಪ್ಪು ಕನ್ನಡಕ ಹಾಕಿಕೊಂಡರು. ಹೊಸ ತೊಟ್ಟಿಯಲ್ಲಿ ದೊಡ್ಡ ಪಾಸ್ಟರು ಸೊಂಟದವರೆಗಿನ ನೀರಿನಲ್ಲಿ ನಿಂತಿದ್ದರು. ಬಿಳಿ ನಿಲುವಂಗಿಯವರು ಒಬ್ಬೊಬ್ಬರಾಗಿ ಇಳಿದು, ಮುಳುಗಿ, ನಗುತ್ತಾ ಏಳುತ್ತಿದ್ದರು.

“ಬ್ರದರ್! ಇಲ್ಲಿದ್ದೀರಾ!”

ನರ್ಸಮ್ಮ. ಅವಳ ಕಣ್ಣು ಯಜಮಾನರಿಂದ ಪಕ್ಕದಲ್ಲಿದ್ದ ಟೀಚರಮ್ಮನ ಕಡೆ ಹೊರಳಿತು. ಅರೆಕ್ಷಣ ಕಕ್ಕಾಬಿಕ್ಕಿ. ಮರುಕ್ಷಣ ಅವಳು ಟೀಚರಮ್ಮನನ್ನು ಬಾಚಿ ತಬ್ಬಿಕೊಂಡು ಅಳತೊಡಗಿದಳು.

“ಬಂದ್ರಾ ಸಿಸ್ಟರ್! ಕೊನೆಗೂ ಬಂದ್ರಾ! ನಿಮಗೋಸ್ಕರ ನಾವು ಎಷ್ಟು ಕಣ್ಣೀರು ಹಾಕಿದ್ದೀವಿ ಗೊತ್ತಾ?”

“ನಾನು ಯಾವಾಗಮ್ಮ ಬಂದಿರಲಿಲ್ಲ?” ಎಂದರು ಟೀಚರಮ್ಮ, ತಬ್ಬುಗೆಯೊಳಗಿನಿಂದಲೇ.

“ಹೋಗ್ಲಿ ಬಿಡಿ, ಹಳೇದೆಲ್ಲ ಯಾಕೆ. ಇವರ ಮೇಲೆ ಬಿಸಿನೀರು ಸುರಿಯೋದು ಬಿಟ್ರಲ್ಲಾ, ಅಷ್ಟು ಸಾಕು!”

ಟೀಚರಮ್ಮ ನಿಧಾನವಾಗಿ ಗಂಡನ ಕಡೆ ತಿರುಗಿದರು. ಬೋರ್ಡಿನ ಕಡೆ ಮುಖ ಮಾಡಿದ್ದಾಗ ಸೀಮೆಸುಣ್ಣ ಎಸೆದವನು ಯಾರೆಂದು ಕಂಡುಹಿಡಿಯುವ ನೋಟ ಅದು. ಯಜಮಾನರು ಕಪ್ಪು ಕನ್ನಡಕ ತೆಗೆದರು. ಇನ್ನು ಅದರಿಂದ ಪ್ರಯೋಜನವಿರಲಿಲ್ಲ.

ಅಷ್ಟರಲ್ಲಿ ನರ್ಸಮ್ಮನ ಸನ್ನೆ ಮಾತ್ರ ಕಂಡ, ಕಂಬದ ಮರೆಯಲ್ಲಿದ್ದ ಟೀಚರಮ್ಮನ ಮುಖ ಕಾಣದ ಚಿಕ್ಕ ಪಾಸ್ಟರು ಮೈಕು ಹಿಡಿದಿದ್ದರು. “ದೇವರಿಗೆ ಸ್ತೋತ್ರ! ನಮ್ಮ ಹೊಸ ಸಹೋದರನ ಹೆಂಡತಿಯ ಹೃದಯ ಕರಗಿದೆ! ಇವತ್ತು ಇಬ್ಬರೂ ಒಟ್ಟಿಗೆ ಬಂದಿದ್ದಾರೆ! ಇನ್ನೇನು ಅಡ್ಡಿ? ಬನ್ನಿ ಬ್ರದರ್, ನೀರಿಗಿಳಿಯಿರಿ!” ಅರ್ಧ ಸಭೆ ಚಪ್ಪಾಳೆ ತಟ್ಟಿತು. ಇವರಿಬ್ಬರನ್ನೂ ಆರಂಭದಿಂದ ಬಲ್ಲ ಇನ್ನರ್ಧ ಸಭೆ ಬಾಯಿ ತೆರೆದು ಕೂತಿತು. ಯಾರೋ ಯಜಮಾನರ ಕೈಗೆ ಬಿಳಿ ನಿಲುವಂಗಿ ತುರುಕಿದರು, ಇನ್ಯಾರೋ ಬೆನ್ನಿಗೆ ಕೈಕೊಟ್ಟು ತೊಟ್ಟಿಯವರೆಗೂ ತಂದು ನಿಲ್ಲಿಸಿದರು. ದೊಡ್ಡ ಪಾಸ್ಟರು ನೀರಿನಿಂದಲೇ ತಲೆಯೆತ್ತಿ ನೋಡಿದರು.

“ಅಲ್ಲಯ್ಯಾ, ನಿನ್ನನ್ನ ಕೆರೇಲಿ ಮುಳುಗಿಸಿದ್ದು ನಾನೇ ಅಲ್ವೇನಯ್ಯಾ? ಆವತ್ತು ಸರಿಯಾಗಿ ನೆನೀಲಿಲ್ವಾ?”

ಬೆಳಗಿನ ಆರಾಧನೆಯ ಕಡೆಯಿಂದ ಎದ್ದ ನಗು ಗೋಡೆಗೆ ಬಡಿದು ವಾಪಸು ಬಂತು. ನೆಲ ಬಾಯಿಬಿಡಬಾರದೇ ಎಂದುಕೊಂಡರು ಯಜಮಾನರು. ತಡವರಿಸುತ್ತಾ ಮೈಕಿನಲ್ಲಿ ಎಲ್ಲವನ್ನೂ ಹೇಳಿದರು. ಬೆಂಚು, ಕುರ್ಚಿ, ಚಹಾ, ಬಿಸ್ಕತ್ತು. ಹೇಳುತ್ತಾ ಹೋದಂತೆ ಕಾರಣ ಎಷ್ಟು ಚಿಕ್ಕದೆಂದು ಅವರ ಕಿವಿಗೇ ಕೇಳಿಸುತ್ತಿತ್ತು. ಮುಗಿಸಿದಾಗ ಟೀಚರಮ್ಮ ಬಂದು ಮೈಕು ತೆಗೆದುಕೊಂಡರು.

“ಆ ರಾಕ್ಷಸಿ ನಾನೇ” ಎಂದರು. “ನನಗೋಸ್ಕರ ನಾನೇ ಉಪವಾಸ ಇದ್ದೆ ಅಂತ ಈಗ ಗೊತ್ತಾಯ್ತು. ನೀವೆಲ್ಲ ದಯವಿಟ್ಟು ಪ್ರಾರ್ಥನೆ ನಿಲ್ಲಿಸಬೇಡಿ. ಆದರೆ ಇನ್ಮೇಲೆ ಇವರಿಗೋಸ್ಕರ ಮಾಡಿ. ಇವರು ಈಗ ನನ್ನ ಜೊತೆ ಮನೆಗೆ ಬರ್ಬೇಕು.”

ದಾರಿಯುದ್ದಕ್ಕೂ ಆಕೆ ತುಟಿ ಬಿಚ್ಚಲಿಲ್ಲ. ಮನೆಗೆ ಬಂದು ಚೀಲ ಕೆಳಗಿಟ್ಟು ಸುಮ್ಮನೆ ಕೂತರು. ಯಜಮಾನರಿಗೆ ಆ ಮೌನ ತಡೆಯಲಾಗಲಿಲ್ಲ.

“ಬೈಯೇ. ಒಂದು ಸಲ ಬಾಯಿಗೆ ಬಂದ ಹಾಗೆ ಬೈದುಬಿಡೇ.”

“ನಾನು ಅಷ್ಟು ಕೆಟ್ಟವಳಾ ರೀ?” ಎಂದರು ಟೀಚರಮ್ಮ. ಕಣ್ಣು ತುಂಬಿತ್ತು.

ಸೀದಾ ಎದೆಗೆ ನಾಟಿತು ಅದು. “ಅಲ್ಲ ಕಣೇ. ಕೆಟ್ಟವನು ನಾನು. ಒಂದು ಕಪ್ ಚಹಾಕ್ಕೆ ಸಭೆ ತುಂಬಾ ನಿನ್ನ ಮಾನ ಕಳೆದೆ. ಏನು ಮಾಡಿದ್ರೆ ಸರಿಹೋಗುತ್ತೆ ಹೇಳು, ಮಾಡ್ತೀನಿ.”

ಟೀಚರಮ್ಮ ಸೆರಗಿನಿಂದ ಮೂಗೊರೆಸಿಕೊಂಡರು. “ಮಾಡ್ತೀರಾ? ಸರಿ. ಮುಂದಿನ ಭಾನುವಾರ ಎರಡನೇ ಆರಾಧನೇಲಿ ಸಾಕ್ಷಿ ಹೇಳ್ತೀರಿ ಅಂತ ಚಿಕ್ಕ ಪಾಸ್ಟರಿಗೆ ಹೇಳೇ ಬಂದಿದ್ದೀನಿ. ನಿಮ್ಮ ಹೆಂಡತಿ ನಿಜವಾಗ್ಲೂ ಎಂಥವಳು ಅಂತ ಎದ್ದು ನಿಂತು ಹೇಳ್ಬೇಕು. ನಾನು ಮುಂದಿನ ಸಾಲಲ್ಲಿ ಕೂತು ಕೇಳ್ತೀನಿ. ಎಲ್ಲಿ, ಈಗ ಒಂದು ಸಲ ಹೇಳಿ ನೋಡೋಣ.”

ಯಜಮಾನರು ಎದ್ದು ನಿಂತು, ಕೈಕಟ್ಟಿ, ಗಂಟಲು ಸರಿಮಾಡಿಕೊಂಡರು. “ಪ್ರಿಯ ಸಹೋದರ ಸಹೋದರಿಯರೇ, ನನ್ನ ಹೆಂಡತಿ ಬಹಳ... ಮೃದು ಸ್ವಭಾವದವಳು.”

“ಏನು? ಕೇಳಿಸ್ಲಿಲ್ಲ! ಬಾಯಲ್ಲೇನು ಕಡುಬಿದೆಯಾ? ಜೋರಾಗಿ ಹೇಳ್ರೀ!”

ಕಿಟಕಿಯ ಗಾಜು ಗಡಗಡ ಅಂದಿತು. ಎದುರುಮನೆಯವರು ಬಾಗಿಲು ತೆರೆದು ಹೊರಗೆ ಬಂದು ನೋಡಿದರು. ಯಜಮಾನರು ಅವರಿಗೂ ಕೇಳಿಸುವ ಹಾಗೆ, ಒಂದೊಂದೇ ಪದ ಬಿಡಿಸಿ, ಮತ್ತೊಮ್ಮೆ ಹೇಳಿದರು.

“ನನ್ನ ಹೆಂಡತಿ ಬಹಳ ಮೃದು ಸ್ವಭಾವದವಳು!”