ಅಮ್ಮನ ಹಾಡಿಗೊಂದು ಖಾಲಿ ಕ್ಯಾಸೆಟ್

ಕೆಲವರು ಗೊತ್ತಿಲ್ಲದೆ ಎಡವುತ್ತಾರೆ. ನಾನು ಎಲ್ಲ ತಿಳಿದುಕೊಂಡು, ನಾಲ್ಕು ಜನಕ್ಕೆ ತಿಳಿಸಿ, ಆಮೇಲೆ ಎಡವುತ್ತೇನೆ. ಇದು ಈಗಲೂ ನಡೆದೇ ಇದೆ, ಮೊನ್ನೆಯೂ ಆಯಿತು. ಆದರೆ ಮೊನ್ನೆಯದನ್ನು ಹೇಳಬೇಕಾದರೆ ಇಪ್ಪತ್ತೈದು ವರ್ಷಕ್ಕೂ ಹಿಂದಿನ ಒಂದು ಖಾಲಿ ಕ್ಯಾಸೆಟ್ಟಿನಿಂದ ಶುರು ಮಾಡಬೇಕು.

ನಮ್ಮಮ್ಮನಿಗೆ ತೊಟ್ಟಿಲ ಹಾಡು, ಆರತಿ ಹಾಡು ಅಂತ ಬೇಕಾದಷ್ಟು ಬರುತ್ತಿದ್ದವು. ಯಾವ ಪುಸ್ತಕದಲ್ಲೂ ಇಲ್ಲ, ಅವಳ ಬಾಯಲ್ಲಷ್ಟೇ. "ಅತ್ತೆ ಗಂಟಲು ಚೆನ್ನಾಗಿರುವಾಗಲೇ ಟೇಪ್ ಮಾಡ್ಬಿಡಿ, ಮುಂದೆ ಮಗಳಿಗೆ ಬೇಕಾಗತ್ತೆ" ಎಂದಳು ಹೆಂಡತಿ. ಮಗಳಿಗೆ ಆಗ ನಾಲ್ಕು ವರ್ಷ. ಒಂದು ಕ್ಯಾಸೆಟ್ ತಂದರೆ ಆಗುವ ಕೆಲಸ. ಆದರೆ ತರಬೇಕಾದವನು ನಾನು.

ಅಂಗಡಿಯಲ್ಲಿ

ಆಫೀಸಿನಲ್ಲಿ ಯಾರೇ ಕ್ಯಾಸೆಟ್ ಕೊಳ್ಳಲಿ, ಕೇಳದಿದ್ದರೂ ಸಲಹೆ ಕೊಡುವ ಚಟ ನನಗೆ. ಐದು ಸ್ಕ್ರೂ ಇರುವುದನ್ನೇ ತಗೊಳ್ಳಿ, ಅಂಟು ಹಾಕಿದ್ದು ಬೇಡ. ಅರವತ್ತು ನಿಮಿಷದ್ದು ಗಟ್ಟಿ. ತೊಂಬತ್ತರದ್ದು ತೆಳು, ಸಿಕ್ಕಿಕೊಳ್ಳುತ್ತೆ. ಈ ಸಲ ಅಮ್ಮನ ಹಾಡಿನ ವಿಷಯ, ಸುಮ್ಮನೆ ಬಿಡುತ್ತೇನೆಯೇ? ಗಾಂಧಿ ಬಜಾರಿನ ಅಂಗಡಿಯಲ್ಲಿ ಏಳೆಂಟು ಕ್ಯಾಸೆಟ್ ಬಿಚ್ಚಿಸಿದೆ. ಒಂದೊಂದನ್ನೂ ಬೆಳಕಿಗೆ ಹಿಡಿದೆ, ಕಿವಿಯ ಹತ್ತಿರ ಅಲ್ಲಾಡಿಸಿದೆ, ಕಣ್ಣು ಮುಚ್ಚಿ ಆಲಿಸಿದೆ.

ಅಂಗಡಿಯವರು ನೋಡುವಷ್ಟು ನೋಡಿದರು. "ಸಾರ್, ಅದು ಖಾಲಿ ಕ್ಯಾಸೆಟ್ಟು. ಏನಾದ್ರೂ ಕೇಳಿಸ್ತಾ ಇದ್ರೆ ಹೇಳಿ, ಬೇರೆ ಕೊಡ್ತೀನಿ."

ಪೆಂಡಾಲಿನಲ್ಲಿ

ಅರವತ್ತರದ್ದೇ ಎರಡು ತಂದೆ. ನೇರವಾಗಿ ಅಮ್ಮನ ಮೇಲೆ ಪ್ರಯೋಗ ಬೇಡ, ಮೊದಲು ಒಂದನ್ನು ಪರೀಕ್ಷಿಸೋಣ ಅಂತ ಟೇಪ್ ರೆಕಾರ್ಡರ್ ಹೊತ್ತು ಚಾಮರಾಜಪೇಟೆಯ ರಾಮನವಮಿ ಸಂಗೀತಕ್ಕೆ ಹೋದೆ. ಪಕ್ಕದಲ್ಲಿ ಕೂತಿದ್ದ ಹಿರಿಯರೊಬ್ಬರು ಒಂದೇ ಒಂದು ಪ್ರಶ್ನೆ ಕೇಳಿದರು: "ಅರವತ್ತರದಾ, ತೊಂಬತ್ತರದಾ?"

ಮನೆಗೆ ಬಂದು ಎಲ್ಲರನ್ನೂ ಕೂರಿಸಿ ಹಾಕಿದೆ. ಎಲ್ಲೋ ದೂರದಲ್ಲಿ ಸೊಳ್ಳೆಯಂತೆ ಪಿಟೀಲು. ಹತ್ತಿರದಲ್ಲಿ, ಸ್ಪಷ್ಟವಾಗಿ, ತೊಂಬತ್ತರದ್ದು ಯಾಕೆ ಬೇಡ ಎನ್ನುವುದರ ಮೇಲೆ ನನ್ನ ಭಾಷಣ. ನಡುವೆ ಒಮ್ಮೆ ಆ ಹಿರಿಯರ ದನಿ: "ಸ್ವಾಮಿ, ಮೃದಂಗದ ತನಿ ಶುರುವಾಯ್ತು, ಈಗಲಾದ್ರೂ..." ನಾನು ಮೃದಂಗಕ್ಕೂ ಬಗ್ಗಿರಲಿಲ್ಲ.

ಅಮ್ಮ ಪೂರ್ತಿ ಕೇಳಿದಳು. "ಪರವಾಗಿಲ್ಲ ಕಣೋ," ಎಂದಳು, "ಎಲ್ಲೂ ತಾಳ ತಪ್ಪಿಲ್ಲ."

ಬೊಟ್ಟು

ಕ್ಯಾಸೆಟ್ಟಿನ ಬೆನ್ನಲ್ಲಿ ಪ್ಲಾಸ್ಟಿಕ್ಕಿನ ಎರಡು ಪುಟ್ಟ ಹಲ್ಲುಗಳಿರುತ್ತವೆ. ಅವನ್ನು ಮುರಿದರೆ ಮತ್ತೆ ಅದರ ಮೇಲೆ ಯಾರಿಗೂ ರೆಕಾರ್ಡ್ ಮಾಡಲಾಗುವುದಿಲ್ಲ. ಅಮ್ಮನ ಹಾಡನ್ನು ಯಾರೂ ಅಳಿಸಬಾರದಲ್ಲ, ಅಂತ ರೆಕಾರ್ಡಿಂಗಿನ ಹಿಂದಿನ ದಿನವೇ ಉಳಿದ ಕ್ಯಾಸೆಟ್ಟಿನ ಹಲ್ಲೆರಡನ್ನೂ ಮುರಿದಿಟ್ಟೆ.

ಬೆಳಿಗ್ಗೆ ಅಮ್ಮ ರೇಷ್ಮೆ ಸೀರೆ ಉಟ್ಟು, ಬಾಯಿಗೆ ಕಲ್ಲುಸಕ್ಕರೆ ಹಾಕಿಕೊಂಡು ಕೂತಳು. ನಾನು ಗುಂಡಿ ಒತ್ತಿದೆ. ಇಳಿಯಲಿಲ್ಲ. ಹಾಡೇ ಇಲ್ಲದ ಕ್ಯಾಸೆಟ್ಟಿಗೆ ನಾನು ಬೀಗ ಹಾಕಿದ್ದೆ. ಹೆಂಡತಿ ಎದ್ದು, ಕನ್ನಡಿಗೆ ಅಂಟಿಸಿದ್ದ ಸ್ಟಿಕ್ಕರ್ ಬೊಟ್ಟುಗಳಲ್ಲಿ ದೊಡ್ಡವೆರಡನ್ನು ಕಿತ್ತು ಆ ತೂತುಗಳ ಮೇಲೆ ಅಂಟಿಸಿದಳು. ಗುಂಡಿ ಇಳಿಯಿತು. ನಾನು ಆರಿಸಿದ ಕ್ಯಾಸೆಟ್ ಮುತ್ತೈದೆಯಾಗಿ ಮೆಷಿನ್ ಒಳಗೆ ಹೋಯಿತು.

ಮೊನ್ನೆ

ಅಮ್ಮ ಹೋಗಿ ಹದಿನೈದು ವರ್ಷ. ಆ ಕ್ಯಾಸೆಟ್ಟನ್ನು ಒಮ್ಮೆಯೂ ಹಾಕಿ ಕೇಳಿರಲಿಲ್ಲ. ಕೇಳಿದಷ್ಟೂ ಟೇಪ್ ಸವೆಯುತ್ತೆ ಅಂತ ನಾನೇ ಬೀರುವಿನಲ್ಲಿಟ್ಟು ಬೀಗ ಹಾಕಿದ್ದೆ. ಮೊನ್ನೆ ಮಲ್ಲೇಶ್ವರದಲ್ಲಿ ಮಗಳ ಮಗುವಿನ ತೊಟ್ಟಿಲ ಶಾಸ್ತ್ರ. "ಅಜ್ಜಿ ಹಾಡೇ ಆಗ್ಬೇಕಪ್ಪಾ" ಎಂದಳು ಮಗಳು. ಯಾರದೋ ಮನೆಯಿಂದ ಹಳೇ ಪ್ಲೇಯರ್ ತರಿಸಿದಳು. ಟೇಪ್ ಹಾಳಾಗಿದ್ದರೆ ಏನು ಗತಿ ಅಂತ ಹೆದರುತ್ತಲೇ ಗುಂಡಿ ಒತ್ತಿದೆ.

ಅಮ್ಮ ಹಾಡಿದಳು. ನನ್ನ ಕಣ್ಣು ತುಂಬಿತು. ಹಾಡು ಮುಗಿಯುವಷ್ಟರಲ್ಲಿ ಟೇಪಿನಲ್ಲಿ ಪಕ್ಕದ ಮನೆಯ ಮಿಕ್ಸಿ ಗುರ್‌ ಅಂದಿತು. ಅದನ್ನು ನಿಲ್ಲಿಸಲು ಅವತ್ತು ನಾನು ಎದ್ದು ಓಡಿದ್ದು ನೆನಪಾಯಿತು. ರೆಕಾರ್ಡರ್ ಆಫ್ ಮಾಡಿರಲಿಲ್ಲ ಎನ್ನುವುದು ಮಾತ್ರ ಈಗ ಗೊತ್ತಾಯಿತು.

"ಹೋದ್ನಾ?" ಅಮ್ಮನ ದನಿ. "ಅವನಿಗೆ ಈ ಟೇಪು ಗೀಪು ಏನೂ ಗೊತ್ತಿಲ್ಲ ಕಣೇ. ಗೊತ್ತಿರೋ ಹಾಗೆ ಆಡ್ತಾನೆ, ಪಾಪ. ನಮಗೆ ತಿಳಿದಿದೆ ಅಂತ ತೋರಿಸ್ಕೋಬೇಡ."

"ಮದುವೆ ಆದಾಗಿಂದ ಅದೇ ಮಾಡ್ತಿದೀನಿ ಅತ್ತೆ."

ಬಾಗಿಲ ಸದ್ದು. ಆಮೇಲೆ ನನ್ನ ದನಿ: "ಮಿಕ್ಸಿ ನಿಲ್ಲಿಸ್ದೆ. ಯಾರೂ ಮಾತಾಡ್ಲಿಲ್ಲ ತಾನೇ?"

"ಇಲ್ಲಪ್ಪಾ, ಬಾ, ಕೂತ್ಕೋ."

ತೊಟ್ಟಿಲ ಸುತ್ತ ನಿಂತವರೆಲ್ಲ ಬಿದ್ದು ಬಿದ್ದು ನಕ್ಕರು. ಹೆಂಡತಿ ಸೆರಗು ಬಾಯಿಗೆ ಒತ್ತಿಕೊಂಡಿದ್ದಳು. ನಾನು ಕಣ್ಣು ಒರೆಸಿಕೊಂಡು, ಗಂಟಲು ಸರಿಮಾಡಿಕೊಂಡು ಹೇಳಿದೆ:

"ನೋಡಿದ್ರಾ? ಅರವತ್ತರದ್ದು. ಇಷ್ಟು ವರ್ಷ ಆದ್ರೂ ಒಂದಕ್ಷರಾನೂ ಅಳಿಸಿಹೋಗಿಲ್ಲ."